ಸದರಿ

ಹಾಳೆಯ ತಲೆಯನ್ನು ಗೆದ್ದಲು ತಿಂದಿದೆ.
ಉಳಿದದ್ದು ಕೆಳಗಿನ ಹದಿನೇಳು ಸಾಲು,
ಸಾಲಿಗೊಂದು: ಸದರಿ. ಸದರಿ. ಸದರಿ.
ಯಾರು ಸದರಿ, ಯಾವ ಗದ್ದೆ ಸದರಿ
ಬರೆದವನಿಗೆ ಗೊತ್ತಿತ್ತು,
ಎದುರು ಕೂತು ಕೇಳಿಸಿಕೊಂಡವನಿಗೂ.
ಈಗ ಗೆದ್ದಲಿಗೆ ಗೊತ್ತಿರುವಷ್ಟೂ ನನಗೆ ಗೊತ್ತಿಲ್ಲ.

ಉಪ್ಪಳದಲ್ಲಿ, ಬೇಕರಿಯ ಮಾಳಿಗೆಯಲ್ಲಿ ನನ್ನ ಮೇಜು.
ಹಳೆ ಜಮೀನು ದಫ್ತರಗಳ ಚಿತ್ರ ಬರುತ್ತವೆ,
ಕಣ್ಣು ಕಿರಿದು ಮಾಡಿ ಟೈಪು ಮಾಡುತ್ತೇವೆ,
ಮೂವರು, ಒಬ್ಬರ ಮುಖ ಒಬ್ಬರು ನೋಡದವರು:
ನಾನು, ತಾಳವಾಡಿಯ ಮಾದಲಾಂಬಿಕೆ,
ಅಕ್ಕಲಕೋಟೆಯ ಸಿದ್ರಾಮ ಬಿರಾಜದಾರ.

ಮೊದಲ ವರ್ಷ ಒಂದು ಬೆಳಿಗ್ಗೆ ನಾನು ಬರೆದಿದ್ದೆ:
"ರೈಲ್ವೆ ಗೇಟು ಹಾಕಿದ್ದಾರೆ, ಗೂಡ್ಸ್ ದಾಟುವವರೆಗೆ
ಸ್ಕೂಟರಿನಲ್ಲೇ ಕೂತಿದ್ದೇನೆ, ತಡವಾಗುತ್ತದೆ, ಕ್ಷಮಿಸಿ."
ಮುಂದಿನ ತಿಂಗಳು ಅದು "ಗೇಟು ಹಾಕಿದೆ" ಆಯಿತು.
ಆಮೇಲೆ ಬರೇ "ಗೇಟು".

ತಾಳವಾಡಿಗೆ ರೈಲೇ ಇಲ್ಲ.
ಆದರೂ ಮಾದಲಾಂಬಿಕೆ ಬರೆಯುತ್ತಾಳೆ, "ಗೇಟು":
ಅಂದರೆ ದಿಂಬಂ ಘಾಟಿಯ ಆಚೆ
ಕಬ್ಬಿನ ಲಾರಿಯನ್ನು ಆನೆ ಅಡ್ಡಗಟ್ಟಿದೆ,
ಹಿಂದೆ ನಿಂತ ಬಸ್ಸಿನಲ್ಲಿ ಅವಳಿದ್ದಾಳೆ.
ಸಿದ್ರಾಮನ ಗೇಟು ಕರೆಂಟು.
ಗುರುವಾರವಾದರೆ ಕರೆಂಟಲ್ಲ,
ಸೋಲಾಪುರದ ಆಸ್ಪತ್ರೆಯಲ್ಲಿ ತಾಯಿಯ ಸರದಿ ಬಂದಿಲ್ಲ.
ಕೇಳುತ್ತಿರಲಿಲ್ಲ ನಾವು. ವಾರ ನೋಡಿದರೆ ಸಾಕಿತ್ತು.
ಬಚ್ಚಲಿನ ಸಾಬೂನಿನ ಹಾಗೆ
ಬಳಸಿ ಬಳಸಿ ಸವೆದಿದ್ದವು ನಮ್ಮ ಮಾತು,
ಕೈಗೆ ಚೆನ್ನಾಗಿ ಕೂರುತ್ತಿದ್ದವು.

ಮೊನ್ನೆ ಜೂನಿನಲ್ಲಿ ಸೇರಿಕೊಂಡ, ರೊಳ್ಳದ ಓಬಳೇಶ.
ಮೂರನೇ ದಿನ ಕೇಳಿದ:
"ಅಕ್ಕಾ, ಬದಿಯಲ್ಲಿ 'ಬಾಲ' ಅಂತ ಬರೀತೀರಲ್ಲ, ಹಂಗಂದ್ರೇನು?"

ಇಷ್ಟೂ ತಿಳಿಯದೇ ಎಂದುಕೊಂಡು ಬರೆಯತೊಡಗಿದೆ.
ನಲವತ್ತೆರಡನೇ ಕಟ್ಟಿನ ಗುಮಾಸ್ತನಿಗೆ ಕೈ ನಡುಕ,
ಮೂರೂ ಆರೂ ಒಂದೇ ತರ ಕಾಣುತ್ತವೆ,
ಕೆಳಗೆ ಬಾಲವಿದ್ದರೆ ಅದು ಆರು, ಆರೆಂದೇ ಹೊಡಿ.

ಕಳಿಸಿ ನಿಮಿಷವಾಗಿಲ್ಲ,
ತಾಳವಾಡಿಯಿಂದ ಬಂತು:
"ಆರಾ? ನಾನು ಇಷ್ಟು ದಿವಸ
ಬಾಲ ಅಂದ್ರೆ ಅವನ ಕೈ ಜಾರಿದ್ದು,
ಬಿಟ್ಟುಬಿಡು, ಮೂರು ಅಂತ ಹೊಡಿ ಅಂದ್ಕೊಂಡಿದ್ನಲ್ಲ."

ಎರಡು ವರ್ಷ.
ನಾನು ಬಾಲ ಎಂದೆ, ಅವಳು ಬಾಲ ಎಂದಳು,
ಇಬ್ಬರೂ ಸರಿ ಎಂದೆವು.
ಯಾರದೋ ಆರು ಸೆಂಟ್ಸ್ ಅವಳಲ್ಲಿ ಮೂರಾಯಿತು,
ಯಾರದೋ ಮೂರು ನನ್ನಲ್ಲಿ ಆರು.
"ನೀ ಏನ್ ತಿಳ್ಕೊಂಡಿದ್ದಿ?" ಸಿದ್ರಾಮನನ್ನು ಕೇಳಿದೆ.
"ನೀವಿಬ್ರೂ ಹ್ಞೂಂ ಅಂದ್ರಿ, ಐರಿನಬಾಯಿ,
ನಾನೂ ಹ್ಞೂಂ ಅಂದೆ."

ಇನ್ನೂರ ಹನ್ನೆರಡು ಹಾಳೆ ಮತ್ತೆ ತೆರೆದೆವು.
ಈಗ ಪೂರ್ತಿ ವಾಕ್ಯ. ಕರ್ತೃ, ಕರ್ಮ, ಕ್ರಿಯಾಪದ.
"ಎಂಟನೇ ಸಾಲಿನ ಎರಡನೇ ಅಂಕಿ ಆರು ಇರಬಹುದೆಂದು ನನ್ನ ಅನಿಸಿಕೆ,
ತಾವೂ ಒಮ್ಮೆ ನೋಡಬೇಕಾಗಿ ವಿನಂತಿ."
ಹತ್ತಿರದ ನೆಂಟರಿಗೆ
ಅಂಚೆಯಲ್ಲಿ ಲಗ್ನಪತ್ರಿಕೆ ಕಳಿಸಿದ ಹಾಗೆ.
ತಪ್ಪು ಕಡಿಮೆಯಾಯಿತು.
ಮಾದಲಾಂಬಿಕೆಯ ಆನೆಯ ಸುದ್ದಿಯೂ ಕಡಿಮೆಯಾಯಿತು.

ನಿನ್ನೆ ರಾತ್ರಿ ಹನ್ನೊಂದು.
ಕೆಳಗೆ ಬೇಕರಿಯವನು ಶಟರ್ ಎಳೆಯುತ್ತಿದ್ದ.
ಪರದೆಯ ಮೇಲೆ ಓಬಳೇಶನ ಒಂದೇ ಪದ:
"ಗೇಟು."

ಅವನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.
"ಸರಿ" ಎಂದು ಬರೆದೆ. ಅಳಿಸಿದೆ.
"ನಿಮ್ಮಲ್ಲಿ ಗೇಟು ಅಂದರೆ ಏನು, ಓಬಳೇಶ?"

ಮೂರು ಚುಕ್ಕಿ ಕುಣಿದವು, ನಿಂತವು, ಮತ್ತೆ ಕುಣಿದವು.

"ಏನೂ ಅಡ್ಡ ಇಲ್ಲಕ್ಕಾ.
ಕೆಲಸ ಮುಗ್ದೈತೆ. ಒಬ್ಬನೇ ಕೂತಿದ್ದೆ.
ನೀವೆಲ್ಲ ಬರೀತಿದ್ರಲ್ಲ ಅಂತ..."